ಗೆಳೆಯರ ಸಂತೋಷಕೂಟ: ಯಾರ ಹಾಸಿಗೆ ಅಳೆದು ಕಾಲು ಚಾಚಬೇಕು?

"ದೇಶ ಸುತ್ತಬೇಕು, ಕೋಶ ಓದಬೇಕು" ಎಂಬುದು ನಮ್ಮ ಹಿರಿಯರ ಮಾತು. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದವರೂ ಅವರೇ. ಒಬ್ಬರೇ ಹೊರಟಾಗ ಈ ಎರಡು ಮಾತುಗಳನ್ನೂ ಒಟ್ಟಿಗೆ ಪಾಲಿಸುವುದು ಕಷ್ಟವಲ್ಲ. ಕೈಯಲ್ಲಿರುವ ಹಣಕ್ಕೆ ತಕ್ಕ ಬಸ್ಸು, ತಕ್ಕ ಊಟ, ತಕ್ಕ ವಸತಿ. ಆದರೆ ಐದಾರು ಮಂದಿ ಗೆಳೆಯರು ಸೇರಿ ಹೊರಟಾಗ ಯಾರ ಹಾಸಿಗೆಯನ್ನು ಅಳೆಯಬೇಕು? ಹೆಚ್ಚು ಸಂಪಾದಿಸುವವನದನ್ನೋ, ಕಡಿಮೆ ಸಂಪಾದಿಸುವವನದನ್ನೋ?

ಪ್ರಿಯ ಓದುಗರೇ, ಮೇಲ್ನೋಟಕ್ಕೆ ಇದು ಲೆಕ್ಕಾಚಾರದ ಪ್ರಶ್ನೆ. ಸ್ವಲ್ಪ ನಿಂತು ಯೋಚಿಸಿದರೆ ಗೆಳೆತನ ಎಂದರೇನು ಎಂಬುದೇ ಇಲ್ಲಿರುವ ಪ್ರಶ್ನೆ. ವರ್ಷಕ್ಕೊಮ್ಮೆ ಗೆಳೆಯರ ಜೊತೆ ಪ್ರವಾಸ ಹೋಗುವುದು, ಒಳ್ಳೆಯ ಹೋಟೆಲಿನಲ್ಲಿ ಕುಳಿತು ನಿಧಾನವಾಗಿ ಊಟ ಮಾಡುವುದು, ಊಟದ ಜೊತೆ ಒಂದು ಲೋಟ ವೈನ್ ಕುಡಿಯುವುದು ಈಗ ನಮ್ಮಲ್ಲಿ ಅನೇಕರಿಗೆ ರೂಢಿಯಾಗಿದೆ. ಆದ್ದರಿಂದ ಈ ಪ್ರಶ್ನೆಯನ್ನು ಬಿಲ್ಲು ಬರುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಸಂತೋಷಪಡುವುದು ತಪ್ಪೇ?

ಮೊದಲು ಒಂದು ಸಂಶಯವನ್ನು ನಿವಾರಿಸಿಕೊಳ್ಳೋಣ. "ಹಸಿದವರಿರುವ ನಾಡಿನಲ್ಲಿ ನಾವು ಇಷ್ಟು ಖರ್ಚು ಮಾಡಿ ಉಣ್ಣುವುದು ಸರಿಯೇ?" ಎಂದು ಕೆಲವರ ಮನಸ್ಸು ಚುಚ್ಚುತ್ತದೆ. ಹಾಗೆ ಚುಚ್ಚುವುದು ಒಳ್ಳೆಯ ಲಕ್ಷಣವೇ. ಆದರೆ ಅದೇ ಕೊನೆಯ ಮಾತಲ್ಲ.

ಬೆಥಾನಿಯದ ಊಟವನ್ನು ನೆನೆಯಿರಿ (ಯೊವಾನ್ನ 12). ಮರಿಯಳು ಬಹು ಬೆಲೆಯ ಸುಗಂಧ ತೈಲವನ್ನು ಯೇಸುಸ್ವಾಮಿಯ ಪಾದಗಳಿಗೆ ಹಚ್ಚಿದಳು. ಅದನ್ನು 300 ದಿನಾರಿಗೆ ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಒಬ್ಬ ಲೆಕ್ಕ ಹಾಕಿದ. ಅಂದಿನ ಕೂಲಿಯವನಿಗೆ ಅದು ಹೆಚ್ಚುಕಡಿಮೆ ಒಂದು ವರ್ಷದ ಸಂಪಾದನೆ. ಲೆಕ್ಕ ಹಾಕಿದವನು ಯೂದ. ಯೇಸು ಮರಿಯಳ ಪರವಾಗಿ ನಿಂತರು. ಕಾನಾ ಊರಿನ ಮದುವೆಯಲ್ಲಿ ನೀರು ದ್ರಾಕ್ಷಾರಸವಾದದ್ದು ಆರು ದೊಡ್ಡ ಕಲ್ಲಿನ ಬಾನೆಗಳಲ್ಲಿ. ಇಂದಿನ ಅಳತೆಯಲ್ಲಿ ಅದು ಸುಮಾರು 450ರಿಂದ 700 ಲೀಟರ್. ಒಂದು ಹಳ್ಳಿಯ ಮದುವೆಗೆ ಅದು ಧಾರಾಳವೇ ಸರಿ. ಅದೇ ಯೇಸುವನ್ನು ಜನರು ಹೊಟ್ಟೆಬಾಕನೆಂದೂ ಕುಡುಕನೆಂದೂ ಹಂಗಿಸಿದರು. ಆದರೆ ಆ ಹಂಗಿಸುವಿಕೆಯನ್ನು ಗಮನವಿಟ್ಟು ನೋಡಿ. ಸುಂಕದವರ ಮತ್ತು ಪಾಪಿಗಳ ಗೆಳೆಯ ಎಂಬ ದೂರೂ ಅದಕ್ಕೆ ಅಂಟಿಕೊಂಡಿತ್ತು. ಅವರು ಏನು ಉಂಡರು ಎಂಬುದಕ್ಕಿಂತ ಯಾರೊಡನೆ ಉಂಡರು ಎಂಬುದೇ ಜನರ ಕಣ್ಣು ಕುಕ್ಕಿತ್ತು.

13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸ್ ತಮ್ಮ ಮಹಾಗ್ರಂಥದಲ್ಲಿ ಒಂದು ಹಳೆಯ ಕಥೆಯನ್ನು ನೆನಪಿಸುತ್ತಾರೆ. ಸಂತ ಯೊವಾನ್ನರು ಶಿಷ್ಯರೊಡನೆ ಆಟವಾಡುತ್ತಿದ್ದುದನ್ನು ಕಂಡು ಕೆಲವರು ಮುಖ ಸಿಂಡರಿಸಿದರಂತೆ. ಅವರಲ್ಲೊಬ್ಬನ ಕೈಯಲ್ಲಿ ಬಿಲ್ಲಿತ್ತು. ಬಾಣ ಬಿಡು ಎಂದರು ಯೊವಾನ್ನರು. ಆತ ಹಲವು ಬಾಣಗಳನ್ನು ಬಿಟ್ಟ. ಹೀಗೇ ಬಿಡುತ್ತಲೇ ಇರಬಲ್ಲೆಯಾ ಎಂದು ಕೇಳಿದಾಗ, ಹಾಗೆ ಮಾಡಿದರೆ ಬಿಲ್ಲು ಮುರಿದೀತು ಎಂದ. ಮನಸ್ಸೂ ಹಾಗೆಯೇ ಎಂದರು ಸಂತರು. ಅಕ್ವಿನಾಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: ತಾನೂ ನಗದೆ, ನಗುವವರನ್ನೂ ತಡೆಯುವವನು ಇತರರಿಗೆ ಹೊರೆ, ಅದೂ ಒಂದು ದೋಷವೇ.

ವೈನ್ ವಿಷಯದಲ್ಲಿ ಸಿರಾಖನ ಗ್ರಂಥದ 31ನೇ ಅಧ್ಯಾಯ ಎರಡೂ ಮುಖಗಳನ್ನು ತೋರಿಸುತ್ತದೆ. ಅಳತೆಯಲ್ಲಿ ಅದು ಮನಸ್ಸಿಗೆ ಉಲ್ಲಾಸ. ಅಳತೆ ಮೀರಿದರೆ ಕಹಿ, ಜಗಳ, ಗಾಯ. ಇಂದಿನ ವೈದ್ಯಶಾಸ್ತ್ರ ಇನ್ನೂ ಕಟುವಾಗಿ ಮಾತನಾಡುತ್ತದೆ. ಆರೋಗ್ಯದ ದೃಷ್ಟಿಯಿಂದ ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಆದ್ದರಿಂದ "ಒಂದು ಲೋಟ ಹೃದಯಕ್ಕೆ ಒಳ್ಳೆಯದು" ಎಂಬ ನೆವ ಇನ್ನು ನಡೆಯದು. ಕುಡಿಯುವವರು ಸಂತೋಷಕ್ಕಾಗಿ ಕುಡಿಯುತ್ತೇವೆಂದು ಒಪ್ಪಿಕೊಂಡು, ಮಿತಿಯಲ್ಲಿರಲಿ. ಕುಡಿತದಿಂದ ಮನೆಯೇ ಮುರಿದುದನ್ನು ಕಂಡವರು ನಮ್ಮ ನಡುವೆ ಎಷ್ಟು ಮಂದಿ ಇಲ್ಲ? ಒಬ್ಬ ಬೇಡವೆಂದರೆ ಕಾರಣ ಕೇಳದಿರುವುದೇ ಗೆಳೆಯರ ಮರ್ಯಾದೆ.

ಸಮಪಾಲು ಸರಿಪಾಲೇ?

ಸಂತೋಷಪಡುವುದು ತಪ್ಪಲ್ಲ ಎಂದಾಯಿತು. ಈಗ ನಿಜವಾದ ಕಷ್ಟಕ್ಕೆ ಬರೋಣ. ಹೀಗೆ ಊಹಿಸಿಕೊಳ್ಳಿ. ಒಂದೇ ಹೈಸ್ಕೂಲಿನಲ್ಲಿ ಓದಿದ ಆರು ಮಂದಿ 25 ವರ್ಷಗಳ ನಂತರ ಚಿಕ್ಕಮಗಳೂರಿಗೆ ಹೊರಡುತ್ತಾರೆ. ಒಬ್ಬ ಗಲ್ಫಿನಿಂದ ರಜೆಯಲ್ಲಿ ಬಂದವನು, ಒಬ್ಬ ಬ್ಯಾಂಕಿನ ಮ್ಯಾನೇಜರ್, ಒಬ್ಬ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯವನು. ಇಬ್ಬರದು ಸ್ವಂತ ವ್ಯಾಪಾರ. ಆರನೆಯವನು ಊರಿನಲ್ಲೇ ಆಟೋ ಓಡಿಸುತ್ತಾನೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ಎಲ್ಲರೂ ಸಮಾನರು. ಅಲ್ಲಿನ ಗಾಳಿ ಎಲ್ಲರಿಗೂ ಒಂದೇ. ಹಳೆಯ ಮೇಷ್ಟ್ರುಗಳನ್ನು ನೆನೆದು ನಕ್ಕ ನಗುವೂ ಒಂದೇ.

ರಾತ್ರಿ ಹೋಟೆಲಿನಲ್ಲಿ ವ್ಯತ್ಯಾಸ ಶುರುವಾಗುತ್ತದೆ. ವೈನ್ ಬಾಟಲಿ ಬರುತ್ತದೆ, ಮೇಲಿಂದ ಮೇಲೆ ತಟ್ಟೆಗಳು ಬರುತ್ತವೆ. ಆಟೋದ ಗೆಳೆಯ ಬೆಲೆಪಟ್ಟಿಯನ್ನು ಬಲಗಡೆಯಿಂದ ಓದುತ್ತಾನೆ. "ಹೊಟ್ಟೆ ಸರಿಯಿಲ್ಲ" ಎಂದು ಮೊಸರನ್ನ ತರಿಸಿಕೊಳ್ಳುತ್ತಾನೆ. ಕೊನೆಗೆ ಬಿಲ್ಲು 9,000 ರೂಪಾಯಿ. "ತಲೆಗೆ ಸಾವಿರದೈನೂರು" ಎಂದು ಯಾರೋ ಹೇಳುತ್ತಾರೆ. ಇವನು ಉಂಡದ್ದು 200 ರೂಪಾಯಿಗೆ. ಆದರೂ ನಗುತ್ತಲೇ ಕೊಡುತ್ತಾನೆ. ಮರುವರ್ಷ ಕರೆದಾಗ "ಮನೆಯಲ್ಲಿ ಸ್ವಲ್ಪ ಕೆಲಸವಿದೆ" ಎನ್ನುತ್ತಾನೆ. ಮೂರನೆಯ ವರ್ಷ ಯಾರೂ ಕರೆಯುವುದಿಲ್ಲ. "ಅವನಿಗೆ ಆಸಕ್ತಿಯಿಲ್ಲ" ಎಂದು ಉಳಿದವರು ತೀರ್ಮಾನಿಸುತ್ತಾರೆ.

ಇಲ್ಲಿ ಯಾರೂ ಯಾರಿಗೂ ಬೇಕೆಂದು ಕೆಡುಕು ಮಾಡಲಿಲ್ಲ, ಜಗಳವೂ ಆಗಲಿಲ್ಲ. 25 ವರ್ಷಗಳ ಗೆಳೆತನ ಒಂದು ಭಾಗಾಕಾರದಲ್ಲಿ ಮುಗಿದುಹೋಯಿತು.

ಸಮಪಾಲು ನೋಡಲು ನ್ಯಾಯದಂತೆಯೇ ಇರುತ್ತದೆ. ಆದರೆ ಒಬ್ಬನಿಗೆ ಆ ಹಣ ಒಂದು ಗಂಟೆಯ ಸಂಬಳ. ಇನ್ನೊಬ್ಬನಿಗೆ ಮಗಳ ಶಾಲಾ ವಾಹನದ ತಿಂಗಳ ಬಾಡಿಗೆ. ದೇವಾಲಯದ ಕಾಣಿಕೆ ಪೆಟ್ಟಿಗೆಯ ಬಳಿ ಬಡ ವಿಧವೆಯ ಎರಡು ಕಾಸನ್ನು ಯೇಸು ಹೇಗೆ ಅಳೆದರು? ಹಾಕಿದ್ದೆಷ್ಟು ಎಂದಲ್ಲ, ಹಾಕಿದ ಮೇಲೆ ಆಕೆಗೆ ಉಳಿದದ್ದೆಷ್ಟು ಎಂದು. ಕಾಣಿಕೆಯನ್ನು ಹಾಗೆ ಅಳೆಯುವುದಾದರೆ ಹೋಟೆಲಿನ ಬಿಲ್ಲನ್ನೂ ಏಕೆ ಹಾಗೆ ಅಳೆಯಬಾರದು?

ಕೊರಿಂಥದ ಊಟ

ಈ ಕಷ್ಟ ಹೊಸದಲ್ಲ. ಸುಮಾರು ಕ್ರಿ.ಶ. 54ರ ಹೊತ್ತಿಗೆ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ಓದಿ ನೋಡಿ. ಅಂದು ಭಕ್ತರು ಸೇರುತ್ತಿದ್ದುದು ಮನೆಗಳಲ್ಲಿ. ಆ ಕಾಲದ ಅನುಕೂಲಸ್ಥರ ಮನೆಗಳಲ್ಲಿ ಊಟದ ಕೋಣೆ ಎಂದರೆ ಮೂರು ಮಂಚಗಳು, ಒಂಬತ್ತು ಮಂದಿಗೆ ಜಾಗ. ಉಳಿದವರಿಗೆ ಅಂಗಳವೇ ಗತಿ. ಇದ್ದವರು ಮೊದಲೇ ಬಂದು ಉಂಡು ಕುಡಿದು ಮುಗಿಸುತ್ತಿದ್ದರು. ದುಡಿಮೆ ಮುಗಿಸಿ ತಡವಾಗಿ ಬಂದವರಿಗೆ ಹಸಿವೇ ಉಳಿಯುತ್ತಿತ್ತು ಎಂದು ವಿದ್ವಾಂಸರು ವಿವರಿಸುತ್ತಾರೆ.

ಪೌಲರು ಅವರನ್ನು ಗದರಿಸಿದ್ದು ಮೇಜಿನ ಮೇಲೆ ದ್ರಾಕ್ಷಾರಸ ಇತ್ತು ಎಂಬುದಕ್ಕಲ್ಲ. ಒಬ್ಬ ಅಮಲೇರಿ ಕುಳಿತಿರುವಾಗ ಮತ್ತೊಬ್ಬ ಹಸಿದಿದ್ದನಲ್ಲ, ಇಲ್ಲದವರು ಎಲ್ಲರೆದುರು ನಾಚುವಂತಾಯಿತಲ್ಲ ಎಂಬುದಕ್ಕೆ. ಅವರು ಹೇಳಿದ ಪರಿಹಾರ ಬಹಳ ಸರಳ: ಒಬ್ಬರಿಗಾಗಿ ಒಬ್ಬರು ಕಾಯಬೇಕು. ಕಾಯುವುದೆಂದರೆ ಗಡಿಯಾರ ನೋಡುತ್ತಾ ಕೂರುವುದಷ್ಟೇ ಅಲ್ಲ. ಹಿಂದೆ ಬಿದ್ದವನ ನಡಿಗೆಗೆ ನಮ್ಮ ನಡಿಗೆಯನ್ನು ಹೊಂದಿಸಿಕೊಳ್ಳುವುದು.

ನಮ್ಮ ನಾಡಿಗೂ ಇಂತಹ ನೆನಪುಗಳಿವೆ. ಜಾತಿ ನೋಡಿ ಬೇರೆ ಬೇರೆ ಜಾಗದಲ್ಲಿ ಕೂರಿಸುತ್ತಿದ್ದ, ಕೆಲವರನ್ನು ಒಳಗೇ ಬಿಡದ ಹೋಟೆಲುಗಳು ಒಂದು ಕಾಲದಲ್ಲಿ ಇದ್ದವು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರ ಗೃಹಗಳನ್ನು ಹೆಸರಿಸಿಯೇ ಆ ತಡೆಯನ್ನು ನಿಷೇಧಿಸಿತು. ಎಲ್ಲರೂ ಒಂದೇ ಮೇಜಿನಲ್ಲಿ ಕೂರುವುದು ಸಂವಿಧಾನದಲ್ಲಿ ಬರೆಯುವಷ್ಟು ದೊಡ್ಡ ಸಂಗತಿಯಾಗಿತ್ತು ಎಂಬುದನ್ನು ಮರೆಯದಿರೋಣ. ಕಾನೂನು ಬಾಗಿಲನ್ನು ತೆರೆಸಬಲ್ಲದು. ಆದರೆ ಒಳಗೆ ಬಂದು ಬೆಲೆಪಟ್ಟಿಯ ಮುಂದೆ ತಲೆ ತಗ್ಗಿಸಿ ಕುಳಿತವನಿಗೆ ಕಾನೂನು ಏನು ಮಾಡೀತು? ಅದು ಗೆಳೆಯರೇ ಮಾಡಬೇಕಾದ ಕೆಲಸ.

"ಅವನದನ್ನು ನಾನು ಕೊಡುತ್ತೇನೆ"

ಹಾಗಾದರೆ ಇದ್ದವನು ಇಲ್ಲದವನ ಪಾಲನ್ನೂ ಕೊಟ್ಟರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಒಮ್ಮೊಮ್ಮೆ ಅದು ಸರಿಯೇ. ಆದರೆ ಪ್ರತಿ ಸಲ, ಅದೂ ಎಲ್ಲರೆದುರು ಹಾಗೆ ಹೇಳಿದರೆ ಊಟ ಹಂಗಾಗುತ್ತದೆ. ಹಂಗಿನ ಊಟ ಮೃಷ್ಟಾನ್ನವಾದರೂ ಗಂಟಲಲ್ಲಿ ಇಳಿಯುವುದಿಲ್ಲ.

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಗೆಳೆತನದಲ್ಲಿ ಮೂರು ಬಗೆಗಳನ್ನು ಗುರುತಿಸಿದ: ಲಾಭಕ್ಕಾಗಿ ಕೂಡಿದ್ದು, ಸುಖಕ್ಕಾಗಿ ಕೂಡಿದ್ದು, ಪರಸ್ಪರರ ಒಳ್ಳೆಯತನಕ್ಕಾಗಿ ಕೂಡಿದ್ದು. ಮೊದಲೆರಡು ಬೇಗ ಮುರಿಯುತ್ತವೆ, ಮೂರನೆಯದು ಬಾಳುತ್ತದೆ. ಸ್ಥಿತಿಗತಿಯಲ್ಲಿ ಸಮಾನರಲ್ಲದವರ ಗೆಳೆತನದಲ್ಲಿ ಇಬ್ಬರೂ ಒಂದನ್ನೇ ಕೊಡಬೇಕಿಲ್ಲ, ಅವರವರ ಶಕ್ತಿಗೆ ತಕ್ಕಂತೆ ಕೊಡಬೇಕು ಎಂದೂ ಆತ ಹೇಳಿದ. ಇದರಲ್ಲಿ ನಮಗೊಂದು ದಾರಿ ಇದೆ. ಆಟೋದ ಗೆಳೆಯನಿಗೂ ಕೊಡಲು ಏನಾದರೂ ಇರಲಿ. ಒಂದು ಸಲ ಅವನ ಮನೆಯ ಜಗಲಿಯಲ್ಲೇ ಸೇರಿ. ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ ಅವನು ಬಡಿಸಲಿ. ಅದನ್ನು ದೊಡ್ಡ ಹೋಟೆಲಿನ ಊಟಕ್ಕೆ ಸಮಾನವಾದ ಸರದಿ ಎಂದೇ ಎಣಿಸಿ. ಮರಳಿ ಕೊಡಲಾಗದವರನ್ನು ಕರೆಯಿರಿ ಎಂದು ಯೇಸು ಕಲಿಸಿದರು (ಲೂಕ 14). ಗೆಳೆಯರ ನಡುವೆ ಇನ್ನೊಂದೂ ಬೇಕು: ಅವನು ಕೊಡಬಲ್ಲದ್ದನ್ನು ಸಂತೋಷದಿಂದ ಪಡೆಯುವುದು. ಕೊಡುವುದಕ್ಕಿಂತ ಪಡೆಯುವುದಕ್ಕೆ ಕೆಲವೊಮ್ಮೆ ಹೆಚ್ಚು ವಿನಯ ಬೇಕು.

"ಒಬ್ಬನಿಗಾಗಿ ಐವರು ತಮ್ಮ ಆಸೆ ಬಿಡಬೇಕೇ?" ಎಂಬುದು ಇನ್ನೊಂದು ಆಕ್ಷೇಪ. ಯಾವಾಗಲೂ ಬೇಕಿಲ್ಲ. ಐವರು ಬೇರೊಂದು ದಿನ ತಮ್ಮ ಶಕ್ತಿಗೆ ತಕ್ಕ ಜಾಗಕ್ಕೆ ಹೋಗಲಿ, ಅದರಲ್ಲಿ ಪಾಪವಿಲ್ಲ. ಆದರೆ ಅದನ್ನು "ನಮ್ಮ ಬ್ಯಾಚಿನ ಪ್ರವಾಸ" ಎಂದು ಕರೆಯದಿರಲಿ. ಎಲ್ಲರ ಹೆಸರಿನಲ್ಲಿ ಸೇರುವ ಕೂಟಕ್ಕೆ ಅತಿ ಚಿಕ್ಕ ಹಾಸಿಗೆಯೇ ಅಳತೆಯಾಗಬೇಕು.

ಮೇಜಿನ ಆಚೆ ಇರುವವರು

ನಮ್ಮ ಸಂತೋಷಕ್ಕಾಗಿ ದುಡಿಯುವವರೂ ಇದ್ದಾರೆ. ಬಾಡಿಗೆ ವಾಹನದ ಚಾಲಕ ಎಲ್ಲಿ ಉಂಡ, ಎಲ್ಲಿ ಮಲಗಿದ ಎಂದು ಕೇಳಿದ್ದೀರಾ? ಎಷ್ಟೋ ಸಲ ಆತನಿಗೆ ವಾಹನದ ಸೀಟೇ ಹಾಸಿಗೆ. ನಾಳೆ ಘಾಟಿಯ ತಿರುವುಗಳಲ್ಲಿ ನಮ್ಮೆಲ್ಲರ ಪ್ರಾಣ ಇರುವುದು ಆತನ ಕೈಯಲ್ಲಿ. ಸ್ವಂತ ಕಾರಿನಲ್ಲಿ ಹೋಗುವವರಿಗೂ ಒಂದು ಮಾತು. 100 ಮಿಲಿಲೀಟರ್ ರಕ್ತದಲ್ಲಿ ಮದ್ಯದ ಅಂಶ 30 ಮಿಲಿಗ್ರಾಂ ಮೀರಿ ವಾಹನ ಓಡಿಸುವುದು ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪರಾಧ. ಮನಸ್ಸಾಕ್ಷಿಯ ಕಾಯಿದೆ ಇನ್ನೂ ಸರಳ: ಸ್ಟಿಯರಿಂಗ್ ಹಿಡಿಯುವವನಿಗೆ ಒಂದು ತೊಟ್ಟೂ ಬೇಡ.

ಮನೆಯಲ್ಲಿ ಉಳಿದವರನ್ನೂ ನೆನೆಯೋಣ. ಗಂಡ ಪ್ರತಿ ವರ್ಷ ಗೆಳೆಯರೊಡನೆ ಹೊರಡುತ್ತಾನೆ. ಹೆಂಡತಿ ಮಕ್ಕಳನ್ನೂ ವಯಸ್ಸಾದ ಅತ್ತೆಯನ್ನೂ ನೋಡಿಕೊಂಡು ಇರುತ್ತಾಳೆ. ಆಕೆಗೂ ಶಾಲೆಯ ಗೆಳತಿಯರಿದ್ದಾರಲ್ಲವೇ? ಮುಂದಿನ ವರ್ಷ ಆಕೆ ಹೊರಡಲಿ. ಎರಡು ದಿನ ಒಲೆಯ ಮುಂದೆ ಗಂಡನೇ ನಿಲ್ಲಲಿ.

ಹೊರಡುವ ಮುನ್ನ

ಪ್ರಿಯ ಓದುಗರೇ, ಈ ವರ್ಷ ಪ್ರವಾಸದ ಮಾತು ಬಂದಾಗ ಮೂರು ಕೆಲಸ ಮಾಡಿ ನೋಡಿ. ಖರ್ಚಿನ ಮಿತಿಯನ್ನು ಹೊರಡುವ ಮೊದಲೇ ನಿಶ್ಚಯಿಸಿ. ವೈನ್ ಬೇಕಾದವರು ಅದರ ಲೆಕ್ಕವನ್ನು ತಮ್ಮೊಳಗೇ ಬೇರೆ ಮಾಡಿಕೊಳ್ಳಲಿ. ಕುಡಿಯದವನ ತಲೆಯ ಮೇಲೆ ಅದು ಬೀಳದಿರಲಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ. "ಎಲ್ಲರಿಗೂ ಒಪ್ಪಿಗೆಯೇ?" ಎಂದು ವಾಟ್ಸಾಪ್ ಗುಂಪಿನಲ್ಲಿ ಕೇಳಬೇಡಿ. ಹತ್ತು ಜನರ ಮುಂದೆ "ನನ್ನಿಂದ ಆಗದು" ಎನ್ನುವ ಧೈರ್ಯ ಯಾರಿಗಿದೆ? ಇತ್ತೀಚೆಗೆ ಬರುವುದನ್ನು ನಿಲ್ಲಿಸಿದ ಗೆಳೆಯನಿಗೆ ನೀವೇ ಫೋನ್ ಮಾಡಿ. "ಈ ಸಲ ನೀನು ಬರಲೇಬೇಕು" ಎಂದು ಒತ್ತಾಯಿಸಬೇಡಿ. "ಈ ಸಲ ಎಲ್ಲಿಗೆ ಹೋಗೋಣ, ನೀನೇ ಹೇಳು" ಎಂದು ಕೇಳಿ. ಅವನು ಹೇಳಿದ ಜಾಗ ಹತ್ತಿರದ ಹೊಳೆಯ ದಂಡೆಯೇ ಆಗಿರಬಹುದು, ಊಟ ಬುತ್ತಿಯದೇ ಆಗಿರಬಹುದು. ಆರು ಮಂದಿ ಹೊರಟು ಆರು ಮಂದಿಯೂ ನಗುತ್ತಾ ಮನೆಗೆ ಮರಳಿದರೆ ಆ ಪ್ರವಾಸಕ್ಕೆ ಇನ್ನೇನು ಬೇಕು?