ಊರ ಕೆಲಸವೂ ಬಿಟ್ಟಿಯೂ

ಊರಿಗೆ ಮಾಡಿದ ಉಪಕಾರ ಹೆಣಕ್ಕೆ ಮಾಡಿದ ಶೃಂಗಾರ ಎಂಬ ಗಾದೆಯನ್ನು ನಮ್ಮ ಹಳ್ಳಿಗಳಲ್ಲಿ ಕೇಳದವನು ಯಾವನೂ ಇಲ್ಲ. ಕೆರೆಯ ಏರಿಯ ಮೇಲಣ ಮುಳ್ಳು ಕಡಿಯುವದಕ್ಕೆ, ಇಲ್ಲವೆ ಶಾಲೆಯ ದಾರಿಗೆ ಮಣ್ಣು ಹಾಕುವದಕ್ಕೆ ಮನೆಗೊಬ್ಬರಂತೆ ಬರಬೇಕೆಂದು ಸಾರಿದಾಗ, ಬಾರದವನು ಈ ಗಾದೆಯನ್ನೇ ತನ್ನ ಬಾಗಿಲಿಗೆ ಅಗಳಿಯಾಗಿ ಹಾಕಿಕೊಳ್ಳುತ್ತಾನೆ. ಬಂದವರು ಅವನನ್ನು ಸೋಮಾರಿ ಎಂದು ಬೈಯುತ್ತಾರೆ. ನಾವೂ ಅನೇಕ ಸಾರಿ ಹಾಗೆಯೇ ಬೈದಿದ್ದೇವೆ. ಆದರೆ ಪ್ರಿಯ ವಾಚಕರೇ, ಬಾರದವರೆಲ್ಲರೂ ಸೋಮಾರಿಗಳೋ? ವರುಷವೆಲ್ಲಾ ಅನ್ಯರ ಹೊಲದಲ್ಲಿ ಬೆನ್ನು ಬಗ್ಗಿಸಿ ದುಡಿಯುವ ಮನುಷ್ಯನು ಊರ ಕೆಲಸದ ದಿನ ಮಾತ್ರ ಹೇಗೆ ಸೋಮಾರಿಯಾಗುವನು? ಇದನ್ನು ಸ್ವಲ್ಪ ವಿಚಾರಿಸಿ ನೋಡುವದು ಒಳ್ಳೇದು.

ನಮ್ಮ ಹಿರಿಯರ ಕಿವಿಗೆ ಕೂಲಿಯಿಲ್ಲದ ಊರ ಕೆಲಸ ಎಂಬ ಮಾತಿಗೆ ಒಂದೇ ಅರ್ಥವಿತ್ತು, ಅದು ಬಿಟ್ಟಿ. ಅಧಿಕಾರಿಯ ಗಂಟು ಹೊರುವದು ಬಿಟ್ಟಿ, ಗೌಡನ ಮನೆಯ ಮದುವೆಗೆ ಸೌದೆ ಒಡೆಯುವದು ಬಿಟ್ಟಿ, ಸತ್ತ ದನವನ್ನು ಎಳೆಯುವದು ಬಿಟ್ಟಿ. ಕೆರೆಯ ಕೆಲಸವೂ ಹಲವು ಸೀಮೆಗಳಲ್ಲಿ ಹಾಗೆಯೇ ಇತ್ತು. ದಕ್ಷಿಣ ಕನ್ನಡವೂ ಬಳ್ಳಾರಿಯೂ ಸೇರಿದ್ದ ಮದ್ರಾಸು ಪ್ರಾಂತದಲ್ಲಿ ಊರ ಜನರು ಕೆರೆ ಕಾಲುವೆಗಳನ್ನು ತಾವೇ ದುರಸ್ತು ಮಾಡುವ ಕುಡಿಮರಾಮತ್ತೆಂಬ ಪದ್ಧತಿಯನ್ನು 1858ರಲ್ಲಿ ಸರಕಾರವು ಕಾಯಿದೆಯಾಗಿಯೇ ಮಾಡಿ, ತಪ್ಪಿದವರು ದಂಡ ತೆರಬೇಕೆಂದು ಗೊತ್ತುಮಾಡಿತು. ಆ ಕಾಯಿದೆಯ ಹೆಸರಿನಲ್ಲಿಯೇ ಬಲವಂತದ ದುಡಿತವೆಂಬ ಮಾತು ಇತ್ತು. ಹೀಗಿರಲಾಗಿ, ಅಜ್ಜನ ಬೆನ್ನಿನ ಮೇಲೆ ಬಿದ್ದ ಭಾರವನ್ನು ಮೊಮ್ಮಗನು ಮರೆಯಲಿಲ್ಲವೆಂದರೆ ಅದೇನು ಆಶ್ಚರ್ಯ? 1950ರಲ್ಲಿ ಜಾರಿಗೆ ಬಂದ ನಮ್ಮ ದೇಶದ ಸಂವಿಧಾನವು ತನ್ನ 23ನೆಯ ವಿಧಿಯಲ್ಲಿ ಬಿಟ್ಟಿಯನ್ನು ನಿಷೇಧಿಸಿತು. ಆದರೆ ಕಾಗದದಿಂದ ಹೋದದ್ದು ಕೇರಿಯ ನೆನಪಿನಿಂದ ಅಷ್ಟು ಬೇಗನೆ ಹೋಗುವದಿಲ್ಲ.

ಹಾಗಾದರೆ ಕೂಲಿಯಿಲ್ಲದೆ ಕೂಡಿ ಮಾಡುವ ಕೆಲಸವೆಲ್ಲವೂ ಬಿಟ್ಟಿಯೋ? ಇಲ್ಲವೆಂದು ನಾವು ಹೇಳುತ್ತೇವೆ. 1930ರಲ್ಲಿ ಜಿನೀವದಲ್ಲಿ ಅನೇಕ ದೇಶಗಳವರು ಕೂಡಿ ಬಲವಂತದ ದುಡಿತವನ್ನು ನಿಲ್ಲಿಸುವದಕ್ಕೆ ಒಂದು ಒಡಂಬಡಿಕೆಯನ್ನು ಮಾಡಿದರು. ನಮ್ಮ ದೇಶವು 1954ರಲ್ಲಿ ಅದಕ್ಕೆ ಒಪ್ಪಿತು. ಅದರಲ್ಲಿ ಊರಿನವರು ತಮ್ಮ ಊರಿಗೋಸ್ಕರ ಮಾಡುವ ಸಣ್ಣ ಕೆಲಸಗಳನ್ನು ಬಲವಂತದ ದುಡಿತವೆಂದು ಎಣಿಸಲಿಲ್ಲ. ಆದರೆ ಎರಡು ಕಟ್ಟುಗಳನ್ನು ಹಾಕಿದರು. ಆ ಕೆಲಸವು ಮಾಡುವವರ ಸಮುದಾಯಕ್ಕೆ ನೇರವಾಗಿ ಪ್ರಯೋಜನವುಳ್ಳದ್ದಾಗಿರಬೇಕು. ಮತ್ತು ಅದು ಅವಶ್ಯವೋ ಅಲ್ಲವೋ ಎಂಬ ವಿಷಯದಲ್ಲಿ ಅವರನ್ನಾಗಲಿ ಅವರ ಪ್ರತಿನಿಧಿಗಳನ್ನಾಗಲಿ ಕೇಳತಕ್ಕದ್ದು. ಈ ಎರಡನೆಯ ಮಾತು ಬಹು ಆಳವಾದದ್ದು. ಒಂದೇ ಗುದ್ದಲಿ, ಒಂದೇ ಬುಟ್ಟಿ, ಒಂದೇ ಮಣ್ಣು. ಕೇಳಿ ಮಾಡಿಸಿದರೆ ಅದು ದಾನ, ಕೇಳದೆ ಮಾಡಿಸಿದರೆ ಅದು ಬಿಟ್ಟಿ. ಆದಕಾರಣ ಕೆಲಸಕ್ಕಿಂತ ಮುಂಚೆ ಕೂಡುವ ಸಭೆಯನ್ನು ಬರೀ ಆಚಾರವೆಂದು ಯಾರೂ ಎಣಿಸಬಾರದು.

ನಮ್ಮ ಕರ್ನಾಟಕದಲ್ಲಿ ಇಂಥ ಸಭೆಗೆ ಕಾಯಿದೆಯ ಆಧಾರವಿದೆ. 1992ರ ಸಂವಿಧಾನ ತಿದ್ದುಪಡಿಯ ಮೇಲೆ 1993ರಲ್ಲಿ ನಮ್ಮ ರಾಜ್ಯದ ಪಂಚಾಯತಿ ಕಾಯಿದೆಯು ಬಂದಿತು. ಅದರ ಪ್ರಕಾರ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರೇ. ಗೌಡನ ಕೈಗೆ ಒಂದು ಮತ, ಅವನ ದನ ಕಾಯುವವನಿಗೂ ಒಂದೇ ಮತ. ಊರವರ ಸ್ವಯಂಸೇವೆಯ ದುಡಿತವನ್ನೂ ವಂತಿಗೆಯನ್ನೂ ಕೂಡಿಸುವದು ಸಹ ಸಭೆಯ ಕೆಲಸಗಳಲ್ಲಿ ಒಂದಾಗಿದೆ. ಅದಕ್ಕಿಂತ ಮುಂಚೆ ಒಂದೊಂದು ಭಾಗದವರು ಕೂಡಿ ಮಾತಾಡುವ ವಾರ್ಡುಸಭೆಯೂ ಉಂಟು.

ಇಷ್ಟೆಲ್ಲಾ ಇದ್ದರೂ ನಡೆಯುವದು ಹೇಗೆ? ಸಭೆಯನ್ನು ಹಗಲು ಹನ್ನೊಂದು ಘಂಟೆಗೆ ಕರೆಯುತ್ತಾರೆ. ಆ ಹೊತ್ತಿನಲ್ಲಿ ಕೂಲಿಯವರು ಕಳೆ ಕೀಳುತ್ತಾ ಇರುತ್ತಾರೆ. ಬಂದವರಲ್ಲಿ ಕುರ್ಚಿಯ ಮೇಲೆ ಕೂತವರು ಮಾತಾಡುತ್ತಾರೆ, ಕಟ್ಟೆಯ ಮೇಲೆ ಕೂತವರು ತಲೆದೂಗುತ್ತಾರೆ, ಬಾಗಿಲ ಬಳಿಯಲ್ಲಿ ನಿಂತವರು ಕೇಳುತ್ತಾರೆ, ಹೆಂಗಸರು ಹೊರಗಿನಿಂದ ಹೆಬ್ಬೆಟ್ಟು ಒತ್ತಿ ಹೋಗುತ್ತಾರೆ. ಕೆಲವು ಕಡೆಗಳಲ್ಲಿ ಪುಸ್ತಕವೇ ಮನೆಮನೆಗೆ ಹೋಗಿ ರುಜು ಹಾಕಿಸಿಕೊಂಡು ಬರುವದುಂಟು. ಸಭೆಗೆ ಜನರು ಬಾರದಿದ್ದರೆ ಜನರ ಬಳಿಗೆ ಸಭೆಯೇ ನಡೆದು ಹೋಯಿತೆನ್ನಬೇಕಷ್ಟೆ! ಇನ್ನೂ ಒಂದುಂಟು. ಯಾವನ ಹತ್ತಿರ ಸಾಲ ತಂದಿರುವೆವೋ, ಯಾವನ ಹೊಲದಲ್ಲಿ ನಾಳೆ ಕೂಲಿ ಸಿಕ್ಕಬೇಕೋ, ಅವನ ಎದುರಿನಲ್ಲಿ ಎದ್ದು ನಿಂತು, ಅಯ್ಯಾ, ಈ ಕೆಲಸ ನಮಗೆ ಬೇಡ, ಎಂದು ಹೇಳುವವನು ಯಾರು? ಸುಮ್ಮನಿದ್ದವನು ಒಪ್ಪಿದನೆಂದು ಪುಸ್ತಕದಲ್ಲಿ ಬರೆಯಲ್ಪಡುತ್ತದೆ. ಅವನ ಬಾರದ ಕಾಲು ಮಾತ್ರ ಮರುದಿನ ಅವನ ಆಡದ ಮಾತನ್ನು ಆಡಿ ತೋರಿಸುತ್ತದೆ.

ಕೆರೆಯ ದೃಷ್ಟಾಂತವನ್ನೇ ಇನ್ನೂ ಸ್ವಲ್ಪ ನೋಡೋಣ. ಹೂಳು ತೆಗೆದರೆ ನೀರು ಹೆಚ್ಚು ನಿಲ್ಲುವದು. ಆ ನೀರು ತೂಬಿನಿಂದ ಹೊರಟು ಎಲ್ಲಿಗೆ ಹೋಗುವದು? ಅಚ್ಚುಕಟ್ಟಿನ ಗದ್ದೆಗಳಿಗೆ. ತೆಗೆದ ಹೂಳು ಎಲ್ಲಿಗೆ ಹೋಗುವದು? ಅದು ಒಳ್ಳೇ ಗೊಬ್ಬರವಾದದ್ದರಿಂದ ಹೊಲವುಳ್ಳವರ ಹೊಲಕ್ಕೆ. ಅಂಗೈಯಗಲ ಭೂಮಿಯೂ ಇಲ್ಲದವನಿಗೆ ಏನು ಬಂತು? ಏನೂ ಇಲ್ಲವೆಂದರೆ ಅದು ಸುಳ್ಳಾಗುವದು. ಬಾವಿಯ ಒರತೆ ಏರುವದು, ಅವನ ಎರಡು ಮೇಕೆಗಳು ಬೇಸಗೆಯಲ್ಲಿ ನೀರು ಕಾಣುವವು, ನಾಟಿಯ ಕಾಲದಲ್ಲಿ ಕೂಲಿಯೂ ಹೆಚ್ಚುವದು. ಆದರೆ ಒಬ್ಬನಿಗೆ ಬಂಡಿಯಷ್ಟು, ಇನ್ನೊಬ್ಬನಿಗೆ ಬೊಗಸೆಯಷ್ಟು ಲಾಭವಿರುವಾಗ, ಇಬ್ಬರ ಮನೆಯಿಂದಲೂ ಒಂದೊಂದು ಆಳು ಬರಬೇಕೆಂಬದು ಸಮವಾಗಿ ಕಂಡರೂ ನ್ಯಾಯವಲ್ಲ. ಹಾಗೂ ಬೊಗಸೆಯವನು ಆ ದಿನದ ಗಂಜಿಯನ್ನು ಬಿಟ್ಟು ಬರಬೇಕು. ಬಂಡಿಯವನು ತನ್ನ ಆಳನ್ನು ಕಳುಹಿಸಿ ತಾನು ಏರಿಯ ಮೇಲೆ ಕೊಡೆ ಹಿಡಿದು ನಿಲ್ಲುವನು.

ಇದು ನಮ್ಮ ಸೀಮೆಯ ಮಾತು ಮಾತ್ರವಲ್ಲ. 1952ನೇ ಅಕ್ಟೋಬರ್ 2ರಲ್ಲಿ ದೇಶದೊಳಗೆ 55 ಕಡೆಗಳಲ್ಲಿ ಸಮುದಾಯ ಅಭಿವೃದ್ಧಿ ಯೋಜನೆಯು ಆರಂಭವಾದಾಗ ಶ್ರಮದಾನವೆಂಬ ಹೊಸ ಶಬ್ದವು ಹಳ್ಳಿಹಳ್ಳಿಗೂ ಮುಟ್ಟಿತು. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆ ಕೆಲಸವನ್ನು ಕಂಡು ಎಸ್. ಸಿ. ದುಬೆ ಎಂಬ ವಿದ್ವಾಂಸರು 1958ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಭೂಮಿಯುಳ್ಳ ಮೇಲಿನವರು ಮೇಲ್ವಿಚಾರಣೆಯನ್ನೂ ಹೆಸರನ್ನೂ ಪಡೆದರು, ಹೊಸ ದಾರಿಯಲ್ಲಿ ಅವರ ಬಂಡಿಗಳೇ ಓಡಾಡಿದವು, ಬಡವರು ದುಡಿತವನ್ನೂ ಕೂಲಿಯ ನಷ್ಟವನ್ನೂ ಹೊತ್ತರು ಎಂದು ಅವರು ತೋರಿಸಿಕೊಟ್ಟರು. ದಾನವೆಂಬ ಹೆಸರಿನ ಒಳಗೆ ಹಳೇ ಬಿಟ್ಟಿಯೇ ಬಂದು ಕೂತಿತ್ತೆಂದು ಹಳ್ಳಿಯ ಬಡವನು ವಿದ್ವಾಂಸರಿಗಿಂತ ಮುಂಚೆಯೇ ಅರಿತಿದ್ದನು.

ಆದರೂ ಕೆಲವರು ಹೀಗೆ ಕೇಳಬಹುದು: ಪ್ರತಿಯೊಬ್ಬನು ತನ್ನ ಲಾಭವನ್ನು ತಕ್ಕಡಿಯಲ್ಲಿ ತೂಗಿಯೇ ಬರುವದಾದರೆ ಊರ ಕೆಲಸವು ಎಂದಿಗಾದರೂ ಆಗುವದೋ? ಈ ಪ್ರಶ್ನೆಯು ಸುಲಭವಾದದ್ದಲ್ಲ. ನೆಹೆಮೀಯನ ಕಾಲದಲ್ಲಿ ಯೆರೂಸಲೇಮಿನ ಗೋಡೆಯನ್ನು ಕಟ್ಟಿದವರು ಕೂಲಿಯಾಳುಗಳಲ್ಲ. ಯಾಜಕರು, ಅಕ್ಕಸಾಲಿಗರು, ವರ್ತಕರು, ಒಬ್ಬನ ಹೆಣ್ಣುಮಕ್ಕಳು ಸಹ, ಅನೇಕರು ತಂತಮ್ಮ ಮನೆಗಳಿಗೆ ಎದುರಾದ ಭಾಗವನ್ನು ಕಟ್ಟಿದರು. ತೆಕೋವದ ಸಾಮಾನ್ಯರು ದುಡಿದರು, ಅವರ ಶ್ರೇಷ್ಠರು ಮಾತ್ರ ಹೆಗಲು ಕೊಡಲಿಲ್ಲ. ಆ ಸಂಗತಿಯು ಇಂದಿನ ವರೆಗೂ ಪುಸ್ತಕದಲ್ಲಿ ನಿಂತಿದೆ. ಆದರೆ ನಾವು ಅಷ್ಟಾಗಿ ಗಮನಿಸದ ಸಂಗತಿಯು ಅದರ ಮುಂದಿನದು. ಗೋಡೆಯು ಏಳುತ್ತಿರುವಾಗಲೇ ಬಡವರು, ನಮ್ಮ ಹೊಲಗಳು ಅಡವಾಗಿವೆ, ನಮ್ಮ ಮಕ್ಕಳು ದಾಸರಾಗುತ್ತಿದ್ದಾರೆ ಎಂದು ತಮ್ಮ ಸಹೋದರರ ಮೇಲೆಯೇ ಕೂಗಿಕೊಂಡರು. ಈಗ ಗೋಡೆಯ ಕೆಲಸ, ನಿಮ್ಮ ದೂರು ಆಮೇಲೆ ಎಂದು ಅವನು ಹೇಳಬಹುದಾಗಿತ್ತು. ಹಾಗೆ ಹೇಳದೆ ಅವನು ದೊಡ್ಡ ಸಭೆಯನ್ನು ಕೂಡಿಸಿ, ಸಾಲ ಕೊಟ್ಟವರನ್ನು ಎಲ್ಲರ ಮುಂದೆ ವಿಚಾರಿಸಿ, ಹೊಲಗಳನ್ನು ಹಿಂದಕ್ಕೆ ಕೊಡಿಸಿದನು.

ಆದಕಾರಣ ನಮಗೆ ತೋಚುವದೇನಂದರೆ, ಕುಡಿಯುವ ನೀರಿನ ಬಾವಿ, ಶಾಲೆಯ ದಾರಿ, ಸ್ಮಶಾನದ ಬೇಲಿ ಮುಂತಾದ ಎಲ್ಲರಿಗೂ ಸಮವಾದವುಗಳಿಗೆ ಮನೆಗೊಬ್ಬರು ಬರುವದು ಯುಕ್ತವೇ. ಚೆನ್ನಾಗಿ ಕೇಳಿ, ಮಾತಾಡಿ, ಒಪ್ಪಿದ ಮೇಲೆಯೂ ಬಾರದವನು ನಿಶ್ಚಯವಾಗಿ ತಪ್ಪುಗಾರನು. ಅಂಥವನಿಗೆ, ಬಿಟ್ಟಿ ಸಿಕ್ಕಿದರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎಂಬ ಗಾದೆಯು ಸಲ್ಲುವದು. ಆದರೆ ಕೆರೆ ಕಾಲುವೆಗಳಂಥ ಕೆಲಸದಲ್ಲಿ ಗದ್ದೆಯ ಎಕರೆಗೆ ಇಷ್ಟೆಂದು ಗೊತ್ತುಮಾಡಿ, ಭೂಮಿಯಿಲ್ಲದವನಿಗೆ ಆ ದಿನದ ಕೂಲಿಯನ್ನು ಕೊಡತಕ್ಕದ್ದು. ಅವನು ಬೇಡವೆಂದರೆ ಅದು ಅವನ ದಾನ. ಬೇಡವೆನ್ನುವ ಸ್ವಾತಂತ್ರ್ಯವಿಲ್ಲದವನು ಏನನ್ನೂ ದಾನ ಮಾಡಲಾರನು. ಮತ್ತು ಬಾರದವರಿಗೆ ದಂಡ ಹಾಕುವ ಪಂಚರು ವಿಧವೆಯರ, ರೋಗಿಗಳ ಬಾಗಿಲನ್ನು ಬಿಟ್ಟು ಮುಂದಕ್ಕೆ ಹೋಗಲಿ.

ಇಷ್ಟನ್ನು ಬರೆಯುವ ನಾವೂ ನಿರ್ದೋಷಿಗಳಲ್ಲ. ಒಂದು ಊರಿನಲ್ಲಿ ಏರಿಯ ಕೆಲಸಕ್ಕಾಗಿ ಕೂಡಿದ ಸಭೆಯಲ್ಲಿ, ಅಕ್ಷರ ಬಲ್ಲವರೆಂದು ನಡವಳಿಕೆ ಬರೆಯುವ ಪುಸ್ತಕವನ್ನು ನಮ್ಮ ಕೈಗೆ ಕೊಟ್ಟರು. ಹಿಂದುಗಡೆಯಿಂದ ಒಬ್ಬ ಮುದುಕಿಯು, ಈ ನೀರು ನಮ್ಮ ಕೇರಿಯ ತೊಟ್ಟಿಯ ತನಕ ಬರುವದೋ ಸ್ವಾಮೀ, ಎಂದು ಕೇಳಿದಳು. ಕೆಲವರು ನಕ್ಕರು. ನಾವು ಅದನ್ನು ಬರೆಯಲಿಲ್ಲ. ಎಲ್ಲರೂ ಒಪ್ಪಿದರೆಂದು ಬರೆದೆವು. ಕೆಲಸದ ದಿನ ಕೇರಿಯಿಂದ ಬಂದವರು ನಾಲ್ವರೇ. ಆ ದಿನ ನಾವು ಹೊತ್ತದ್ದು ಹಾಜರಿಯ ಪಟ್ಟಿಯನ್ನೇ ಹೊರತು ಮಣ್ಣಿನ ಬುಟ್ಟಿಯನ್ನಲ್ಲ. ಮರುವರುಷ ತಿರಿಗಿ ಸಭೆ ಕೂಡುವ ಮೊದಲು, ಸಾಯಂಕಾಲ ಕೂಲಿಯವರು ಮನೆ ಸೇರಿದ ಹೊತ್ತಿನಲ್ಲಿ ನಾವು ಕೇರಿಗೆ ಹೋಗಿ ಜಗಲಿಯ ಮೇಲೆ ಕೂತು, ಆ ಮುದುಕಿಯನ್ನು ಕರೆದು ಅವಳ ಪ್ರಶ್ನೆಯನ್ನು ಮೊದಲನೆಯ ಸಾಲಿನಲ್ಲಿ ಬರೆದುಕೊಂಡೆವು. ಬರೆದದ್ದನ್ನು ತನಗೆ ಓದಿ ಹೇಳಬೇಕೆಂದು ಅವಳು ಎರಡು ಸಾರಿ ಕೇಳಿದಳು. ಎರಡು ಸಾರಿಯೂ ಓದಿದೆವು.