ಹೆಗ್ಗಣವೂ ಹಿತ್ತಲ ಗಿಡವೂ

ನಮ್ಮ ಗಾದೆಗಳು ಒಂದನ್ನೊಂದು ಅಲ್ಲಗಳೆಯುವುದರಲ್ಲಿ ಬಲು ಜಾಣತನ ತೋರಿಸುತ್ತವೆ. ‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂದು ಒಂದು ಗಾದೆ ಹೇಳಿದರೆ, ‘ಹಿತ್ತಲ ಗಿಡ ಮದ್ದಲ್ಲ’ ಎಂದು ಇನ್ನೊಂದು ಹೇಳುತ್ತದೆ. ತನ್ನದು ಎಂಬ ಕಾರಣಕ್ಕೆ ಕೆಟ್ಟದ್ದೂ ಚೆಂದವಾಗಿ ಕಾಣುತ್ತದೆಂದು ಮೊದಲನೆಯದರ ಆಕ್ಷೇಪ; ತನ್ನದು ಎಂಬ ಕಾರಣಕ್ಕೇ ಒಳ್ಳೆಯದು ಕೂಡ ಕಣ್ಣಿಗೆ ಬೀಳದೆಂದು ಎರಡನೆಯದರ ಕೊರಗು. ಸಂಸಾರದಲ್ಲಿ ಈ ಎರಡು ಮಾತುಗಳನ್ನೂ ಸಮಯ ನೋಡಿ ಬಳಸುತ್ತ ನಾವು ಸುಖವಾಗಿಯೇ ಇದ್ದೇವೆ. ಆದರೆ ‘ನಿಮಗೆ ಅತ್ಯಂತ ಪ್ರಿಯವಾದ ಕಲಾಕೃತಿ ಯಾವುದು? ಅದು ಏಕೆ ಪ್ರಿಯ?’ ಎಂದು ಯಾರಾದರೂ ಕೇಳಿದರೆ, ಎರಡು ಗಾದೆಗಳೂ ಒಮ್ಮೆಗೇ ಎದುರಿಗೆ ಬಂದು ನಿಲ್ಲುತ್ತವೆ.

ನನ್ನ ಉತ್ತರ ಇದು: ಇಟಗಿಯ ಮಹಾದೇವ ದೇವಾಲಯ ಒಂದು, ಕಿನ್ನಾಳದ ಮರದ ಗರುಡ ಇನ್ನೊಂದು. ಎರಡೂ ಕೊಪ್ಪಳ ಜಿಲ್ಲೆಯವು. ನಾನು ಅದೇ ಜಿಲ್ಲೆಯ ಹಿಟ್ನಾಳದ ಕಡೆಯವನು. ಇದನ್ನು ಕೇಳಿದ ಸ್ನೇಹಿತರು ಮುಗುಳ್ನಕ್ಕು, ‘ಇದು ಕಲಾಭಿರುಚಿಯಲ್ಲ, ಊರಭಿಮಾನ’ ಎಂದುಬಿಡುತ್ತಾರೆ. ಅವರ ಮಾತು ಹಗುರಾದುದಲ್ಲ. ಒಂದು ವಸ್ತು ನಮಗೆ ಪ್ರಿಯವಾಗಿರುವುದು ಅದು ಸುಂದರವಾಗಿರುವುದರಿಂದಲೋ, ಅದು ನಮ್ಮದಾಗಿರುವುದರಿಂದಲೋ? ಈ ಎರಡನ್ನೂ ಬೇರ್ಪಡಿಸಿ ನೋಡುವುದು ಸಾಧ್ಯವೇ?

ನಮ್ಮ ಆಲಂಕಾರಿಕರು ಈ ತೊಡಕನ್ನು ಬಲ್ಲವರು. ಕಾಶ್ಮೀರದ ಅಭಿನವಗುಪ್ತನು ನಾಟ್ಯಶಾಸ್ತ್ರದ ಮೇಲೆ ಬರೆದ ವ್ಯಾಖ್ಯಾನದಲ್ಲಿ ರಸಾನುಭವಕ್ಕೆ ಅಡ್ಡ ಬರುವ ವಿಘ್ನಗಳನ್ನು ಎಣಿಸುತ್ತಾನೆ. ತನ್ನ ಸ್ವಂತದ ಸುಖದುಃಖಗಳಿಗೆ ವಶನಾಗಿಬಿಡುವುದು ಅವುಗಳಲ್ಲಿ ಒಂದು. ‘ನಾನು, ನನ್ನದು’ ಎಂಬುದು ಕರಗಿದಲ್ಲದೆ ಭಾವವು ಸಾಧಾರಣೀಕರಣ ಹೊಂದಲಾರದು, ರಸವಾಗಲಾರದು. ಜರ್ಮನಿಯ ಕಾಂಟ್ ೧೭೯೦ರಲ್ಲಿ ಹೊರತಂದ ಗ್ರಂಥದಲ್ಲಿ ಬೇರೊಂದು ದಾರಿಯಿಂದ ಇದರ ಸಮೀಪಕ್ಕೇ ಬರುತ್ತಾನೆ: ಸೌಂದರ್ಯದ ನಿರ್ಣಯದಲ್ಲಿ ಸ್ವಾರ್ಥದ ಸೋಂಕು ಇರಬಾರದು ಎಂಬುದು ಅವನ ಪಕ್ಷ. ಈ ಇಬ್ಬರ ಮಾತನ್ನೂ ಒಪ್ಪಿದರೆ ಊರಭಿಮಾನವನ್ನು ಹೊತ್ತುಕೊಂಡು ಶಿಲ್ಪದ ಮುಂದೆ ನಿಂತವನು ಬಾಗಿಲಲ್ಲಿಯೇ ಸೋತಂತೆ.

ಆದರೆ ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಹತ್ತಿರದ್ದನ್ನು ಹೆಸರಿಸುವವನಲ್ಲಿ ಮಾತ್ರವೇ ಸ್ವಾರ್ಥ ಅಡಗಿದೆಯೆ? ಅಜಂತೆಯ ಚಿತ್ರಗಳೆಂದೋ, ತಾಜಮಹಲೆಂದೋ, ಲಿಯೊನಾರ್ಡೊನ ಮೋನಾ ಲೀಸಾ ಎಂದೋ ಥಟ್ಟನೆ ಉತ್ತರ ಕೊಡುವವರಲ್ಲಿ ನಿಜವಾದ ಪ್ರೀತಿಯುಳ್ಳವರು ಇದ್ದಾರೆ. ಹಾಗೆಯೇ, ಬೇರೆ ಹೆಸರು ಹೇಳಿದರೆ ತಮ್ಮ ಅಭಿರುಚಿ ಕೀಳೆನಿಸೀತೆಂಬ ಅಂಜಿಕೆಯಿಂದ ಹೇಳುವವರೂ ಇದ್ದಾರೆ. ಊರಿನ ಮಾನಕ್ಕಾಗಿ ಮೆಚ್ಚುವುದು ‘ನನ್ನದು’ ಎಂಬ ವಿಘ್ನವಾದರೆ, ನನ್ನ ಮಾನಕ್ಕಾಗಿ ಮೆಚ್ಚುವುದು ‘ನಾನು’ ಎಂಬ ವಿಘ್ನ. ಎರಡನೆಯದು ಮೊದಲನೆಯದಕ್ಕಿಂತ ಹೇಗೆ ಶುದ್ಧವಾದೀತು? ಆದುದರಿಂದ ಕೃತಿ ಎಷ್ಟು ದೂರದ್ದು ಎಂಬುದು ಅಭಿರುಚಿಯ ಅಳತೆಗೋಲಲ್ಲ. ಅದರ ಮುಂದೆ ನಿಂತಾಗ ನಾವು ನೋಡುತ್ತಿರುವುದು ಅದನ್ನೋ, ನಮ್ಮನ್ನೋ ಎಂಬುದಷ್ಟೇ ಪ್ರಶ್ನೆ.

ಇಟಗಿಯನ್ನೇ ತೆಗೆದುಕೊಳ್ಳೋಣ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ಇದನ್ನು ಕಟ್ಟಿಸಿದನು. ೧೧೧೨ರ ಶಾಸನವು ಇದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆಯುತ್ತದೆ. ಈ ಬಿರುದನ್ನು ಎತ್ತಿ ಹೇಳಿ ಹಿಗ್ಗುವುದು ನಮ್ಮ ಭಾಗದ ಭಾಷಣಕಾರರ ವಾಡಿಕೆ. ಬಿರುದು ಸುಂದರವಾಗಿಯೇ ಇದೆ. ಆದರೆ ಅದು ಕಟ್ಟಿಸಿದವನ ಅಭಿಮಾನ. ನನ್ನನ್ನು ಹಿಡಿದು ನಿಲ್ಲಿಸುವುದು ಬಿರುದಲ್ಲ, ಕಂಬ. ಬಳಪದ ಕಲ್ಲನ್ನು ತಿರುಗಣೆಗೆ ಹಾಕಿ ಕಡೆದ ಕಂಬಗಳು ಅಲ್ಲಿವೆ. ಆ ಕಲ್ಲು ಮೆದುವಾದುದರಿಂದ ಕೂದಲೆಳೆಯಷ್ಟು ಅಂಚನ್ನೂ ಒಪ್ಪಿಕೊಳ್ಳುತ್ತದೆ, ಕನ್ನಡಿಯಂಥ ನುಣುಪನ್ನೂ ಪಡೆಯುತ್ತದೆ. ಬಳೆಯ ಮೇಲೆ ಬಳೆಯನ್ನಿಟ್ಟಂತೆ ಏರುವ ಆ ಅಂಚುಗಳಲ್ಲಿ ಕಥೆಯಿಲ್ಲ, ದೇವತೆಯಿಲ್ಲ, ಎಲೆಬಳ್ಳಿಯೂ ಇಲ್ಲ. ತೆರೆದ ಮಂಟಪದ ಬೆಳಕು ಒಂದಂಚಿನಿಂದ ಇನ್ನೊಂದಂಚಿಗೆ ಇಳಿಯುತ್ತ ಉಳಿದ ಕೆಲಸವನ್ನು ತಾನೇ ಮಾಡುತ್ತದೆ. ಮೈತುಂಬ ಕೆತ್ತನೆಯಿರುವ ಗುಡಿಯಲ್ಲಿ, ಎಲ್ಲಿ ಕೈ ತಡೆಯಬೇಕೆಂದು ತಿಳಿದ ಶಿಲ್ಪಿಯ ಆ ಸಂಯಮವೇ ನನಗೆ ಪ್ರಿಯ. ಇದನ್ನು ಕಾಣಲು ಕೊಪ್ಪಳದಲ್ಲಿ ಹುಟ್ಟಿರಬೇಕಾಗಿಲ್ಲ. ೧೯೨೬ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಚಾಲುಕ್ಯ ವಾಸ್ತುವನ್ನು ವಿವರಿಸಿದ ಹೆನ್ರಿ ಕಸಿನ್ಸ್, ಕನ್ನಡ ನಾಡಿನ ಗುಡಿಗಳಲ್ಲಿ ಹಳೇಬೀಡಿನ ತರುವಾಯದ ಸ್ಥಾನವನ್ನು ಇದಕ್ಕೆ ಕೊಟ್ಟಿದ್ದಾನೆ. ಅವನಿಗೆ ಇಟಗಿ ತವರೂರಾಗಿರಲಿಲ್ಲ.

ಕಿನ್ನಾಳದ ಗರುಡನ ಮಾತು ಬೇರೆ. ಅದಕ್ಕೆ ಶಾಸನದ ಬಿರುದಿಲ್ಲ. ‘ಬೊಂಬೆ’ ಎಂಬ ಮಾತಿನಿಂದಲೇ ನಾವು ಅದನ್ನು ಕಲೆಯ ಪಂಕ್ತಿಯಿಂದ ಎಬ್ಬಿಸಿ ಕಳುಹಿಸಿರುತ್ತೇವೆ. ಆದರೆ ಆ ಗರುಡ ಒಂದೇ ಮರದ ತುಂಡಲ್ಲ, ಹಗುರಾದ ಮರದ ಹನ್ನೆರಡು ಭಾಗಗಳ ಜೋಡಣೆ. ಪೀಠದ ಮೇಲೆ ಕುಳಿತ ಗಣಪತಿಯಾದರೆ ಇಪ್ಪತ್ತೆರಡು. ಗೋಣಿತಟ್ಟಿನ ಚೂರುಗಳನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟಿನೊಡನೆ ಹುಣಸೆಬೀಜದ ಅಂಟಿನಲ್ಲಿ ಕಲಸಿದರೆ ‘ಕಿಟ್ಟ’ ಸಿದ್ಧವಾಗುತ್ತದೆ. ಚಿತ್ರಗಾರರು ಅದನ್ನು ಬೊಂಬೆಯ ಮೈಗೆಲ್ಲ ಕೈಯಿಂದಲೇ ಬಳಿದು, ಮೇಲೆ ಹತ್ತಿಬಟ್ಟೆಯ ತುಣುಕುಗಳನ್ನು ಅಂಟಿಸಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ ಕೊಟ್ಟು, ಕೊನೆಗೆ ಬಣ್ಣ ಹಾಕುತ್ತಾರೆ. ಇಷ್ಟೆಲ್ಲ ಆದ ಮೇಲೆ ನೋಡುವವನಿಗೆ ಒಂದೇ ಒಂದು ಬೆಸುಗೆಯೂ ಕಾಣುವುದಿಲ್ಲ. ರೆಕ್ಕೆ ಬೇರೆ, ಮೈ ಬೇರೆ ಎಂಬ ನೆನಪೇ ಬಾರದಂತೆ ಹಕ್ಕಿ ಹಾರಲು ಸಿದ್ಧವಾಗಿ ನಿಂತಿರುತ್ತದೆ. ತನ್ನ ಶ್ರಮವನ್ನು ಮರೆಸುವುದಕ್ಕಾಗಿಯೇ ಇಷ್ಟು ಶ್ರಮಪಡುವ ಆ ಕೈಗಳ ವಿನಯ ನನಗೆ ಪ್ರಿಯ.

ಹಾಗಾದರೆ ಸಾಮೀಪ್ಯದ ಪಾತ್ರವೇನು? ಅದು ಬಾಗಿಲು, ಮನೆಯಲ್ಲ. ಹತ್ತಿರವಿದ್ದುದರಿಂದ ಮತ್ತೆ ಮತ್ತೆ ಹೋಗಿ ನೋಡುವುದು ಸಾಧ್ಯವಾಯಿತು. ಮತ್ತೆ ಮತ್ತೆ ನೋಡಿದುದರಿಂದ ಕಣ್ಣು ಪಳಗಿತು. ಆದರೆ ಒಳಗೆ ಹೋದ ಮೇಲೆ ಕಂಡದ್ದನ್ನು ‘ಇಲ್ಲಿ ನೋಡಿ’ ಎಂದು ಪರವೂರಿನವನಿಗೆ ಬೆರಳಿಟ್ಟು ತೋರಿಸಲು ಬರಬೇಕು. ಹಾಗೆ ತೋರಿಸಲಾಗದೆ ‘ನಮ್ಮದು’ ಎಂಬ ಒಂದೇ ಮಾತು ಉಳಿದರೆ, ಅದು ಹೆಗ್ಗಣವೇ ಸರಿ. ಇನ್ನೊಂದು ಪರೀಕ್ಷೆಯೂ ಉಂಟು. ಹಳೆಯ ಗುಡಿಯ ಶಿಲ್ಪಕ್ಕೆ ಊರವರು ಭಕ್ತಿಯಿಂದ ಎಣ್ಣೆಬಣ್ಣ ಬಳಿದಾಗ, ‘ಇದು ನಮ್ಮ ಊರಿನದೇ, ಆದರೂ ಚೆನ್ನಾಗಿಲ್ಲ’ ಎಂದು ಹೇಳುವ ಧೈರ್ಯ ನಮಗಿದೆಯೆ? ಬೇಡವೆನ್ನಲು ಬಾರದವನ ಮೆಚ್ಚುಗೆಗೆ ಬೆಲೆಯಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಇದು ಬರಿಯ ಹರಟೆಯಾದೀತು. ಪ್ರಿಯವಾದುದಕ್ಕೆ ನಾವು ಋಣಿಗಳೂ ಹೌದು. ಕಿನ್ನಾಳದಲ್ಲಿ ಹಿಂದೆ ನಾನಾ ಕಸುಬಿನ ಜನರ ಬೊಂಬೆಗಳಿಗೆ ಗಿರಾಕಿಗಳಿದ್ದರು. ಬೇಡಿಕೆ ಬದಲಾದಂತೆ ಅವುಗಳ ಜಾಗವನ್ನು ದೇವರು, ಪ್ರಾಣಿ, ಪಕ್ಷಿಗಳು ಹಿಡಿದಿವೆ. ಕೊಳ್ಳುವವನ ಮನಸ್ಸು ಕಲೆಯ ಕೈಯನ್ನು ಹೇಗೆ ತಿರುಗಿಸುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆ ಕಲೆಗೆ ಇಂದು ಭೌಗೋಳಿಕ ಸೂಚಕದ ಮನ್ನಣೆಯೂ ಇದೆ. ಆದರೆ ಪಟ್ಟಣದ ಪ್ರದರ್ಶನಗಳಲ್ಲಿ ಅದೇ ಗರುಡನನ್ನು ಕೈಯಲ್ಲಿ ಹಿಡಿದು, ‘ಮರದ ಬೊಂಬೆಗೆ ಇಷ್ಟೇ?’ ಎಂದು ಚೌಕಾಸಿ ಮಾಡುವ ಸುಶಿಕ್ಷಿತರು ಮನೆಯ ಗೋಡೆಗೆ ಅಚ್ಚಿನ ಚಿತ್ರವನ್ನು ಕೇಳಿದ ಬೆಲೆಗೆ ಕೊಂಡು ತೂಗುಹಾಕುತ್ತಾರೆ. ಹಿಟ್ನಾಳವನ್ನು ದಾಟಿ ಹಂಪೆಗೆ ಧಾವಿಸುವ ವಾಹನಗಳಲ್ಲಿ ಎಷ್ಟು ಇಟಗಿಯ ಕಡೆಗೆ ತಿರುಗಿಯಾವು? ಅಲ್ಲಿಗೆ ಹೋಗದವರು ‘ದೇವಾಲಯ ಚಕ್ರವರ್ತಿ’ ಎಂದು ಹೆಮ್ಮೆಪಟ್ಟರೆ, ಆ ಹೆಮ್ಮೆಯಿಂದ ಗುಡಿಯ ಒಂದು ಕಲ್ಲಿಗೂ ಉಪಕಾರವಾಗದು.

ಹಿತ್ತಲ ಗಿಡ ಮದ್ದೋ ಅಲ್ಲವೋ ಎಂಬುದನ್ನು ಅರೆದು ನೋಡಿಯೇ ಹೇಳಬೇಕು. ಮದ್ದೆಂದು ತಿಳಿದ ಬಳಿಕ ಅದಕ್ಕೆ ದಿನಕ್ಕೊಂದು ತಂಬಿಗೆ ನೀರನ್ನೂ ಹಾಕಬೇಕು.