ಹೆಗಲು ಮುಟ್ಟಿಕೊಂಡವನು

‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಪರರ ಮೇಲೆಯೇ ಪ್ರಯೋಗಿಸುತ್ತೇವೆ. ಸಭೆಯಲ್ಲಿ ಹೆಸರೆತ್ತದೆ ಆಡಿದ ಮಾತೊಂದಕ್ಕೆ ಯಾರಾದರೂ ಥಟ್ಟನೆ ಕೆರಳಿದರೆ, ಬಳಿಯಲ್ಲಿದ್ದವರು ಮುಸಿಮುಸಿ ನಕ್ಕು ಇದನ್ನು ಉದಾಹರಿಸುವರು. ಆದರೆ ಗಾದೆಯ ಅರ್ಥಸಂಪತ್ತು ಪರಿಹಾಸದಲ್ಲಿಯೇ ತೀರಿಹೋಗತಕ್ಕದ್ದಲ್ಲ. ಅದನ್ನು ತನ್ನ ಕಡೆಗೆ ತಿರುಗಿಸಿಕೊಂಡವನಿಗೆ ಆತ್ಮಪರೀಕ್ಷೆಯ ಕ್ರಮವೇ ಅದರಲ್ಲಿ ದೊರೆಯುವುದು.

ಇಲ್ಲಿಯ ಕಾಯಿ ಬೂದುಗುಂಬಳ. ಬಲಿತ ಕಾಯಿಯ ಸಿಪ್ಪೆಯ ಮೇಲೆ ಮೇಣದ ಗುಣದ ಬಿಳಿಯ ಹುಡಿ ಕೂಡಿರುವುದರಿಂದ, ಮುಟ್ಟಿದ ಕೈಗೂ ಹೊತ್ತ ಹೆಗಲಿಗೂ ಅದು ಅಂಟಿಕೊಳ್ಳದೆ ಬಿಡದು. ಹೊತ್ತವನ ಕಣ್ಣಿಗೆ ಸುಲಭವಾಗಿ ಗೋಚರಿಸದ ಎಡೆಯಲ್ಲಿ, ಕಂಡವರಿಗೆಲ್ಲ ಕಾಣುವಂತೆ, ಕಳವು ತನ್ನ ಗುರುತನ್ನು ಬಿಟ್ಟುಹೋಗುವುದು. ಕಣ್ಣು ಕಾಣದಿದ್ದರೂ ಕೈ ಮಾತ್ರ ತಪ್ಪದೆ ಅಲ್ಲಿಗೇ ಹೋಗುತ್ತದೆ; ಬುದ್ಧಿಯು ಸಮರ್ಥನೆಯ ವಾಕ್ಯಗಳನ್ನು ಜೋಡಿಸಿಕೊಳ್ಳುವುದಕ್ಕೆ ಮುಂಚೆಯೇ ಅಂಗವು ಸತ್ಯವನ್ನು ನುಡಿದುಬಿಡುತ್ತದೆ. ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡಲು ನಾಲಗೆ ಆತುರಪಡುವುದು, ಅರ್ಹವಲ್ಲದ ಹೊಗಳಿಕೆಗೆ ಮುಖ ಬಿಸಿಯಾಗುವುದು, ಒಬ್ಬ ವ್ಯಕ್ತಿಯ ಹೆಸರು ಕಿವಿಗೆ ಬಿದ್ದೊಡನೆ ಮಾತಿನ ವಿಷಯವನ್ನೇ ಬದಲಿಸುವುದು, ಇವೆಲ್ಲವೂ ಹೆಗಲಿಗೆ ಹೋದ ಕೈಗಳೇ. ತನ್ನನ್ನು ಅರಿಯಬಯಸುವವನು ಈ ಅಳುಕುಗಳನ್ನು ಅಡಗಿಸದೆ, ಅವು ಎಲ್ಲಿ ಹುಟ್ಟಿದುವೆಂದು ಹಿಂದಿರುಗಿ ನೋಡತಕ್ಕದ್ದು.

ಆದರೆ ಗಾದೆಯು ಹೇಳದೆ ಬಿಟ್ಟಿರುವುದೂ ಒಂದುಂಟು. ಆ ಹೆಗಲ ಮೇಲೆ ಬೂದಿ ಇದ್ದಿತೆಂದು ಅದು ಹೇಳುವುದಿಲ್ಲ. ಮುಟ್ಟಿಕೊಂಡವನೇ ಕದ್ದವನೆಂಬ ನಿರ್ಣಯವನ್ನು ನಾವು ನಗುತ್ತ ಸೇರಿಸಿಕೊಂಡಿದ್ದೇವೆ. ಊರಿನ ತಪ್ಪೆಲ್ಲವೂ ತನ್ನದೇ ಇರಬಹುದೆಂದು ಬೆಚ್ಚುವ ಮೃದುಚಿತ್ತನೂ ಹಾಗೆಯೇ ಮುಟ್ಟಿಕೊಂಡಾನು. ಅಳುಕು ಸಾಕ್ಷಿ ನುಡಿಯಬಲ್ಲುದೇ ಹೊರತು ತೀರ್ಪು ಕೊಡಲಾರದು. ಆದುದರಿಂದ ಮುಟ್ಟಿದ ಬಳಿಕ ಬೆಳಕಿನಲ್ಲಿ ನೋಡಬೇಕು: ಹುಡಿ ಇದ್ದರೆ ಒರಸಿಕೊಂಡಷ್ಟರಿಂದ ಸಾಲದು, ಕಾಯಿಯನ್ನು ಹಿತ್ತಿಲ ಒಡೆಯನಿಗೆ ಮುಟ್ಟಿಸಬೇಕು, ಇಲ್ಲದಿದ್ದರೆ ಕೈಯನ್ನು ಕೆಳಗಿಳಿಸಿ ನೆಮ್ಮದಿಯಿಂದಿರಬೇಕು. ತಪ್ಪನ್ನು ಅಲ್ಲಗಳೆಯುವುದು ಎಷ್ಟು ಅಪ್ರಾಮಾಣಿಕವೋ, ಮಾಡದ ತಪ್ಪಿಗೆ ತನ್ನನ್ನು ದಂಡಿಸಿಕೊಳ್ಳುವುದೂ ಅಷ್ಟೇ ಅಪ್ರಾಮಾಣಿಕ.

ಬೀದಿಯಲ್ಲಿ ಯಾರೋ ಕೂಗಿದಾಗ ನೋಡಿಕೊಳ್ಳುವುದಕ್ಕಿಂತ, ಯಾರೂ ಕೂಗದಿರುವಾಗಲೇ ನೋಡಿಕೊಳ್ಳುವುದು ಲೇಸೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಜೈನರ ಷಡಾವಶ್ಯಕಗಳೆಂಬ ಆರು ನಿತ್ಯಕರ್ತವ್ಯಗಳಲ್ಲಿ ಒಂದಾದ ಪ್ರತಿಕ್ರಮಣವು, ಎಂದರೆ ಮಾಡಿದ ದೋಷಗಳನ್ನು ನೆನೆದು ಅವುಗಳಿಂದ ಹಿಂದಿರುಗುವ ವಿಧಿಯು, ಇರುಳಿನ ದೋಷಗಳಿಗೆ ಬೇರೆ, ಹಗಲಿನವಕ್ಕೆ ಬೇರೆ. ಅದರ ಮೇಲೆ ಪಕ್ಷಕ್ಕೊಮ್ಮೆ, ನಾಲ್ಕು ತಿಂಗಳಿಗೊಮ್ಮೆ, ಸಂವತ್ಸರಕ್ಕೊಮ್ಮೆ ಮಾಡುವುದೂ ಉಂಟು. ಸಂಧ್ಯಾವಂದನೆಯಲ್ಲಿಯೂ ಪ್ರಾತಃಕಾಲ ರಾತ್ರಿಯ ಪಾಪಗಳನ್ನು, ಸಾಯಂಕಾಲ ಹಗಲಿನವನ್ನು, ಮನಸ್ಸು, ವಾಕ್ಕು, ಕೈ, ಕಾಲು, ಉದರವೆಂದು ಒಂದೊಂದಾಗಿ ಹೆಸರಿಸಿ ನಿವೇದಿಸಿಕೊಳ್ಳುವ ವಿಧಿಯಿದೆ. 12ನೆಯ ಶತಮಾನದ ಬಸವಣ್ಣನವರು ಎಷ್ಟೋ ವಚನಗಳಲ್ಲಿ ಲೋಕದ ಡಂಭವನ್ನು ಖಂಡಿಸುವ ದನಿಯಲ್ಲಿಯೇ ತಮ್ಮ ಮನಸ್ಸಿನ ಚಾಂಚಲ್ಯವನ್ನೂ ವಿಚಾರಣೆಗೆ ಗುರಿಮಾಡಿದ್ದಾರೆ.

ಈ ವಿಧಿಗಳ ಮಾರ್ದವವು ಅವುಗಳ ನಿಯತಕಾಲದಲ್ಲಿಯೇ ಇರುವುದು. ಹೊತ್ತಿಗೆ ಸರಿಯಾಗಿ ಪ್ರತಿದಿನವೂ ನಡೆಯುವ ಪರೀಕ್ಷೆಯಲ್ಲಿ ಭಯಕ್ಕೂ ಆಡಂಬರಕ್ಕೂ ಎಡೆಯಿಲ್ಲ. ಒಂದು ದಿನದ ತಪ್ಪು ಒಂದು ದಿನದಷ್ಟೇ ದೊಡ್ಡದು. ವರ್ಷಗಟ್ಟಲೆ ನೋಡದೆ ಬಿಟ್ಟುದನ್ನು ಒಮ್ಮೆಗೇ ನೋಡಹೊರಟರೆ ಧೀರನೂ ಕಣ್ಣು ಮುಚ್ಚಿಕೊಂಡಾನು. ಇಂದಿನದನ್ನು ಇಂದೇ ನೋಡುವಷ್ಟು ಧೈರ್ಯವಾದರೋ ಸಾಮಾನ್ಯನಿಗೂ ಉಂಟು.